ಹುಲ್ಲು ಇಲ್ಲಿ, ಹಿಕ್ಕೆ ಅಲ್ಲಿ

ಕಳೆದ ಚಂಪಾಷಷ್ಠಿಗೆ ವಿಜಯಪುರದಿಂದ ಕಾಕಾ ಬಂದಿದ್ದರು. ಜೇಜುರಿಯ ಖಂಡೋಬನ ದರ್ಶನ ಆಗಬೇಕಿತ್ತು. ನಮ್ಮ ಕಡೆಯವರಿಗೆ ಅವನು ಮೈಲಾರಲಿಂಗ. ಹೆಸರು ಬೇರೆ, ಹಣೆಗೆ ಹಚ್ಚುವ ಭಂಡಾರ ಒಂದೇ. ಪುಣೆಯಿಂದ ಹೊರಟು ದಿವೆ ಘಾಟಿ ಹತ್ತುವಾಗ ಕಾರು ನಿಂತುಬಿಟ್ಟಿತು. ಎದುರಿಗೆ ಕುರಿ ಹಿಂಡು. ನೂರಾರು ಕುರಿ, ನಾಲ್ಕಾರು ಕುದುರೆ. ಒಂದು ಕುದುರೆಯ ಮೇಲೆ ಪಾತ್ರೆ, ಕಂಬಳಿ, ಕೋಳಿ, ಅವುಗಳ ನಡುವೆ ಒಂದು ಮಗು. ಕುರಿ ಸಾಕುವ ಧನಗರರು ದೀಪಾವಳಿ ಮುಗಿಸಿ ಕೊಂಕಣದ ಕಡೆ ಇಳಿಯುವ ಕಾಲ ಅದು.

ಕಾಯುತ್ತ ಕೂತಾಗ ಸುಮ್ನೆ ಫೋನ್ ತೆಗೆದೆ. ನಮ್ಮ ವಸತಿ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದೇ ಬೆಳಿಗ್ಗೆ ಒಂದು ಸಂದೇಶ ಬಂದಿತ್ತು. ಹಿಂದಿನ ಗುಡ್ಡ ಬೋಳಾಗುತ್ತಿದೆ, ಕುರಿ ಬಿಡುವುದನ್ನು ನಿಲ್ಲಿಸಬೇಕು, ಬೇಲಿ ಹಾಕಿ ಗಿಡ ನೆಡೋಣ ಅಂತ. ಕಾಕಾಗೆ ಓದಿ ಹೇಳಿದೆ. ಅವರಿಗೆ ನಗು ಬಂತು.

"ನಿಮ್ಮ ಮಂದಿ ಬ್ಯಾಡ ಅಂತಾರ. ನಾವು ರೊಕ್ಕ ಕೊಟ್ಟು ಕರೀತೀವಿ. ಹೊಲದಾಗ ನಾಕು ರಾತ್ರಿ ಕುರಿ ತರುಬಿದ್ರ ಎರಡು ವರ್ಷ ಗೊಬ್ಬರದ ಚಿಂತಿ ಇಲ್ಲ."

ತರುಬುವುದು ಅಂದರೆ ರಾತ್ರಿ ಹಿಂಡನ್ನು ಹೊಲದಲ್ಲೇ ಕೂಡಿ ನಿಲ್ಲಿಸುವುದು, ಹಿಕ್ಕೆ, ಉಚ್ಚೆ ಅಲ್ಲೇ ಬೀಳಲಿ ಅಂತ. ಪ್ರಾಣಿ ಒಂದೇ. ಕಾಕಾನ ಹೊಲದಲ್ಲಿ ಅದು ಮಣ್ಣಿಗೆ ಕಸುವು ತುಂಬುತ್ತದೆ. ನಮ್ಮ ಗುಡ್ಡದಲ್ಲಿ ಮಣ್ಣಿನ ಕಸುವು ತೆಗೆಯುತ್ತದೆ. ಎರಡೂ ಒಟ್ಟಿಗೆ ನಿಜ ಆಗಲು ಸಾಧ್ಯವೇ? ಸಾಧ್ಯ ಅಂತ ನನಗೆ ಈಗ ಅನಿಸುತ್ತದೆ. ಯಾಕೆ ಅನ್ನುವುದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಭಾಷಣಗಳಿಗೆ ಕೊರತೆ ಇರುವುದಿಲ್ಲ. ಅವುಗಳಲ್ಲಿ ‘ಮೇಯಿಸಿದರೆ ಮಣ್ಣು ಹಾಳು’ ಅನ್ನುವವರೂ ಇರುತ್ತಾರೆ, ‘ಮೇಯಿಸಿದರೆ ಭೂಮಿಯ ಬಿಸಿಯೇ ಇಳಿಯುತ್ತದೆ’ ಅನ್ನುವವರೂ ಇರುತ್ತಾರೆ.

ಮೊದಲು ಮಣ್ಣಿನ ವಿಷಯ. ಸತ್ತ ಬೇರು, ಉದುರಿದ ಎಲೆ, ಸಗಣಿ, ಹುಳುಗಳ ಮೈ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಅವಶೇಷ, ಇವೆಲ್ಲ ಕೊಳೆತು ಮಣ್ಣಿನಲ್ಲಿ ಸೇರಿದ್ದನ್ನು ಸಾವಯವ ಅಂಶ ಅನ್ನುತ್ತೇವೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಂತ ಜಾಸ್ತಿ ಇಂಗಾಲ. ಪ್ರಯೋಗಾಲಯದವರು ಇಂಗಾಲ ಅಳೆದು, ಅದನ್ನು 1.72ರಿಂದ ಗುಣಿಸಿ ಸಾವಯವ ಅಂಶ ಇಷ್ಟು ಎಂದು ಬರೆಯುತ್ತಾರೆ. ರೈತರಿಗೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75ಕ್ಕಿಂತ ಮೇಲಿದ್ದರೆ ‘ಹೆಚ್ಚು’. ನೂರು ಕಿಲೊ ಮಣ್ಣಿನಲ್ಲಿ ಮುಕ್ಕಾಲು ಕಿಲೊ ಇಂಗಾಲ ಇದ್ದರೆ ನಮ್ಮ ದೇಶದಲ್ಲಿ ಅದು ಸಿರಿವಂತ ಮಣ್ಣು! ಆದರೆ ಈ ಚೂರುಪಾರನ್ನೆಲ್ಲ ಕೂಡಿಸಿದರೆ ಲೆಕ್ಕ ದೊಡ್ಡದು. ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇಂಗಾಲ ಇದೆ. ಇಡೀ ಗಾಳಿಯಲ್ಲಿ ಇರುವುದಕ್ಕಿಂತ ಇದು ಜಾಸ್ತಿ.

ಕಾಡು ತನ್ನ ಇಂಗಾಲವನ್ನು ಬೊಡ್ಡೆಯಲ್ಲಿ, ಕೊಂಬೆಯಲ್ಲಿ ನಮಗೆ ಕಾಣುವಂತೆ ಇಡುತ್ತದೆ. ಹುಲ್ಲು ನೆಲದಡಿ ಇಡುತ್ತದೆ. ಡಿಸೆಂಬರಿನಲ್ಲಿ ದಿವೆ ಘಾಟಿಯ ಆಚೆಗಿನ ಸಾಸವಡದ ಗುಡ್ಡ ನೋಡಿದವರಿಗೆ ಅಲ್ಲಿ ಬರೀ ಕರಡ, ಅಂದರೆ ಒಣಗಿದ ಹುಲ್ಲು ಕಾಣುತ್ತದೆ. ಅದರ ಕೆಳಗೆ ಬೇರುಗಳ ಜಾಲ ಇದೆ. ಅದರಲ್ಲಿ ಒಂದಷ್ಟು ಪ್ರತಿ ವರ್ಷ ಸಾಯುತ್ತದೆ, ಹೊಸದು ಹುಟ್ಟುತ್ತದೆ. ಸತ್ತ ಬೇರೇ ಹುಲ್ಲುಗಾವಲಿನ ಮಣ್ಣಿನ ಮುಖ್ಯ ಆಹಾರ.

ಈಗ ಕುರಿ ಬಾಯಿ ಹಾಕಿತು ಅನ್ನಿ. ಹುಲ್ಲು ಬೆಳೆಯುವುದು ಬುಡದಿಂದ, ಅದಕ್ಕೇ ತುದಿ ಹೋದರೂ ಮತ್ತೆ ಚಿಗುರುತ್ತದೆ. ಸ್ವಲ್ಪ ಎಲೆ ಹೋದರೆ ಬೇರಿಗೆ ಏನೂ ಆಗುವುದಿಲ್ಲ. ಕೆಲವು ಹುಲ್ಲುಗಳು ಆಗ ಬೇರಿನಿಂದ ಸಕ್ಕರೆಯಂಥ ರಸವನ್ನು ಜಾಸ್ತಿ ಬಿಡುತ್ತವೆ, ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆದು ಗಿಡಕ್ಕೆ ಸಾರಜನಕ ಬಿಡಿಸಿಕೊಡುತ್ತವೆ. ಆದರೆ ಅರ್ಧಕ್ಕಿಂತ ಜಾಸ್ತಿ ಎಲೆ ಹೋದರೆ ಕಥೆ ಬೇರೆ. ಹುಲ್ಲು ತನ್ನ ಉಳಿತಾಯವನ್ನೆಲ್ಲ ಎಲೆಗೆ ಹಾಕುತ್ತದೆ, ಬೇರು ಬೆಳೆಯುವುದು ನಿಂತುಬಿಡುತ್ತದೆ. ಚಿಗುರಿದ ಎಳೆ ಎಲೆಯನ್ನು ವಾರದಲ್ಲಿ ಮತ್ತೆ ಕಚ್ಚಿದರೆ ಬೇರು ಸೊರಗುತ್ತದೆ. ಇದು ಎರಡು ಮೂರು ಮಳೆಗಾಲ ನಡೆದರೆ ಒಳ್ಳೆಯ ಬಹುವಾರ್ಷಿಕ ಹುಲ್ಲು ಸತ್ತು, ಮೂರು ತಿಂಗಳಲ್ಲಿ ಹುಟ್ಟಿ ಸಾಯುವ ತೆಳ್ಳನೆ ಹುಲ್ಲು ಬರುತ್ತದೆ. ಅದರ ಬೇರು ಗೇಣುದ್ದ ಕೂಡ ಇಳಿಯುವುದಿಲ್ಲ. ಮೇಲಿನಿಂದ ನೋಡಿದರೆ ಎರಡೂ ಹಸಿರೇ. ಆಗಸ್ಟಿನಲ್ಲಿ ಫೋಟೊ ತೆಗೆದರೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಹಾಗಾದರೆ ಮೇಯಿಸದೆ ಬಿಟ್ಟರೆ? ಅದೂ ಅಷ್ಟು ಸರಳ ಅಲ್ಲ. ನಿಂತಲ್ಲೇ ಒಣಗಿದ ಕರಡ ಅಷ್ಟು ಸುಲಭಕ್ಕೆ ಮಣ್ಣಿಗೆ ಸೇರುವುದಿಲ್ಲ. ಬಿಸಿಲು ಅದನ್ನು ಸುಟ್ಟು ಸವೆಸುತ್ತದೆ, ಗೆದ್ದಲು ಒಯ್ಯುತ್ತದೆ. ಇಲ್ಲದಿದ್ದರೆ ಫೆಬ್ರವರಿ ಮಾರ್ಚಿನಲ್ಲಿ ಯಾರೋ ಬೆಂಕಿ ಹಾಕುತ್ತಾರೆ, ಒಂದೇ ಮಧ್ಯಾಹ್ನ ಅಷ್ಟೂ ಇಂಗಾಲ ಗಾಳಿಗೆ ಹೋಗುತ್ತದೆ. ಪುಣೆ ಸುತ್ತಿನ ಗುಡ್ಡಗಳು ಬೇಸಿಗೆಯ ಹೊತ್ತಿಗೆ ಕಪ್ಪಗಾಗಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಆಫ್ರಿಕಾದ ಸೆರೆಂಗೆಟಿಯಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ಆಯಿತು. ದೊಡ್ಡ ರೋಗ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ದನಗಳ ರಿಂಡರ್‌ಪೆಸ್ಟ್ ಅಲ್ಲಿನ ಕಾಡುಪ್ರಾಣಿಗಳನ್ನೂ ಕೊಲ್ಲುತ್ತಿತ್ತು. 1960ರ ದಶಕದಲ್ಲಿ ರೋಗ ಹೋಯಿತು. ಅಲ್ಲಿನ ದೊಡ್ಡ ಹುಲ್ಲೆಗಳಾದ ವೈಲ್ಡಬೀಸ್ಟ್‌ಗಳ ಸಂಖ್ಯೆ ಮೂರು ಲಕ್ಷದ ಆಸುಪಾಸಿನಿಂದ ಹತ್ತು ಲಕ್ಷ ದಾಟಿತು. ಅವು ಹುಲ್ಲು ತಿಂದವು, ಬೆಂಕಿಗೆ ಸೌದೆ ಸಿಗಲಿಲ್ಲ. ಗಾಳಿಗೆ ಇಂಗಾಲ ಬಿಡುತ್ತಿದ್ದ ಬಯಲು ಇಂಗಾಲ ಹಿಡಿಯುವ ಬಯಲಾಯಿತು.

ವಿಜ್ಞಾನಿಗಳ ಮಾತು ಒಂದಕ್ಕೊಂದು ಎದುರಾಗಿ ಕಾಣುವುದು ಇಂಥ ಕಾರಣಕ್ಕೇ. 2013ರಲ್ಲಿ ಪ್ರಪಂಚದ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ಒಂದು ಪ್ರಬಂಧ ಬಂತು. ಮೇಯಿಸುವುದು ಹೆಚ್ಚಿದಂತೆ ಸಿ-3 ಹುಲ್ಲಿನ ಬಯಲುಗಳಲ್ಲಿ ಮಣ್ಣಿನ ಇಂಗಾಲ ಸರಾಸರಿ ಶೇಕಡ 18ರಷ್ಟು ಇಳಿದಿತ್ತು. ಸಿ-4 ಹುಲ್ಲಿನ ಬಯಲುಗಳಲ್ಲಿ ಶೇಕಡ 6-7ರಷ್ಟು ಏರಿತ್ತು! ಈ ಸಿ-3, ಸಿ-4 ಎಂದರೆ ಗಿಡ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಎರಡು ದಾರಿಗಳು. ಗೋಧಿ, ಭತ್ತ ಮೊದಲ ಜಾತಿ. ಜೋಳ, ಕಬ್ಬು ಎರಡನೆಯದು. ದಖ್ಖನ್ನಿನ ಗುಡ್ಡದ ಹುಲ್ಲುಗಳೆಲ್ಲ ಹೆಚ್ಚುಕಡಿಮೆ ಜೋಳದ ನೆಂಟರು. ಇಲ್ಲಿಯವರು ಪವನಾ, ಮಾರ್ವೆಲ್, ಕುಸಳ ಎಂದು ಕರೆಯುವ ಹುಲ್ಲುಗಳು ಇದೇ ಗುಂಪಿನವು. ಕುಸಳ ಎಂದರೆ ಪ್ಯಾಂಟಿಗೆ, ಸಾಕ್ಸಿಗೆ ಚುಚ್ಚಿಕೊಂಡು ಮನೆತನಕ ಬರುವ ಮುಳ್ಳಿನ ಹುಲ್ಲು. ಸಾವಿರಾರು ವರ್ಷ ಕೃಷ್ಣಮೃಗ, ಚಿಂಕಾರದಂಥ ಹುಲ್ಲೆಗಳ ಬಾಯಿಗೆ ಸಿಕ್ಕು ಬೆಳೆದು ಬಂದವು ಇವು. ಬಾರಾಮತಿ ತಾಲ್ಲೂಕಿನ ಸುಪೆಯಲ್ಲಿರುವ ಮಯೂರೇಶ್ವರ ಅಭಯಾರಣ್ಯಕ್ಕೆ ಹೋದರೆ ಚಿಂಕಾರ ಈಗಲೂ ಸಿಗುತ್ತದೆ. ಅಭಯಾರಣ್ಯ ಐದು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಹೀಗೆ ಹೇಳಿದ ಕೂಡಲೇ ‘ಹಾಗಾದ್ರೆ ನಮ್ಮಲ್ಲಿ ಎಷ್ಟು ಮೇಯಿಸಿದರೂ ಒಳ್ಳೇದೇ ಅಲ್ವಾ’ ಅಂತ ಕೇಳಬೇಡಿ. ಸರಾಸರಿ ಅನ್ನುವುದು ಬೇರೆ ಬೇರೆ ಬಯಲುಗಳ ಸರಾಸರಿ. ಮಳೆ, ಮಣ್ಣು, ಹಿಂಡಿನ ಗಾತ್ರ ಬದಲಾದರೆ ಉತ್ತರವೂ ಬದಲಾಗುತ್ತದೆ. ಜೇಡಿ ಕಣ ಜಾಸ್ತಿ ಇರುವ ಎರೆ ಮಣ್ಣು ಸೂಕ್ಷ್ಮಜೀವಿಗಳ ಅವಶೇಷವನ್ನು ಕಣಕ್ಕೆ ಅಂಟಿಸಿ ಹತ್ತಾರು ವರ್ಷ, ಕೆಲವೊಮ್ಮೆ ನೂರಾರು ವರ್ಷ ಹಿಡಿದಿಡುತ್ತದೆ. ಗುಡ್ಡದ ಮೇಲಿನ ಗರಸಿನಲ್ಲಿ ಆ ಅಂಟು ಇಲ್ಲ. ಅಲ್ಲಿ ಇರುವುದು ಬರೀ ಚೂರಾದ ಬೇರು, ಎಲೆ. ಹುಲ್ಲು ಹೋಗಿ ನೆಲ ತೆರೆದುಕೊಂಡರೆ ಅದು ಒಂದೆರಡು ಮಳೆಗೆ ಕೊಚ್ಚಿ ಹೋಗುತ್ತದೆ. ಎರೆ ಮಣ್ಣಿಗೆ ಇನ್ನೊಂದು ತೊಂದರೆ. ಹಸಿಯಿದ್ದಾಗ ಹಿಂಡು ಓಡಾಡಿದರೆ ಗಟ್ಟಿಯಾಗಿ ಒತ್ತಿಕೊಳ್ಳುತ್ತದೆ, ನೀರು ಇಳಿಯುವುದಿಲ್ಲ. ಧನಗರರು ಮಳೆಗಾಲಕ್ಕೆ ಕೊಂಕಣ ಬಿಟ್ಟು ಈ ಒಣ ಬಯಲಿಗೆ ಬರುವುದಕ್ಕೆ ಒಂದು ಕಾರಣ ಕೆಸರಿನಲ್ಲಿ ಕುರಿಯ ಕಾಲು ಕೊಳೆಯುವುದು. ಕುರಿಯ ಗೊರಸು ಉಳಿಸಲು ಹೊರಟವರು ಕೊಂಕಣದ ನೆಲವನ್ನೂ ತುಳಿತದಿಂದ ಉಳಿಸಿದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ಮತ್ತು ಸಂಗಡಿಗರು ಹಿಮಾಚಲದ ಸ್ಪಿತಿಯಲ್ಲಿ ಬೇಲಿ ಹಾಕಿ 16 ವರ್ಷಗಳ ಲೆಕ್ಕ ಇಟ್ಟರು. ಬೇಲಿಯ ಒಳಗೆ ಪ್ರಾಣಿ ಇಲ್ಲ, ಹೊರಗೆ ಯಾಕ್, ಕಾಡು ಆಡಾದ ಐಬೆಕ್ಸ್, ಕಾಡು ಕುರಿಯಂಥ ಭರಲ್ ಮೇಯುತ್ತವೆ. 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರಾಣಿ ಇಲ್ಲದ ಕಡೆ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಶೇಕಡ 30-40ರಷ್ಟು ಜಾಸ್ತಿ ಏರುಪೇರಾಗುತ್ತಿತ್ತು. ಮೇಯುವ ಬಾಯಿ ಇದ್ದಲ್ಲಿ ಇಂಗಾಲ ಹೆಚ್ಚು ಸ್ಥಿರವಾಗಿತ್ತು. ಇದೇ ತಂಡ ಮರುವರ್ಷ ಇನ್ನೊಂದು ವಿಷಯ ಹೇಳಿತು, ನನಗೆ ಅದು ಹೆಚ್ಚು ಮುಖ್ಯ ಅನಿಸುತ್ತದೆ. ಕಾಡು ಪ್ರಾಣಿ ಮೇಯುವ ಜಾಗಕ್ಕಿಂತ ಸಾಕಿದ ಪ್ರಾಣಿ ಮೇಯುವ ಜಾಗದಲ್ಲಿ ಮಣ್ಣಿನ ಇಂಗಾಲ ಕಡಿಮೆ. ಕಾರಣಗಳಲ್ಲಿ ಒಂದು, ದನಕುರಿಗಳಿಗೆ ಕೊಡುವ ಟೆಟ್ರಾಸೈಕ್ಲಿನ್‌ನಂಥ ಔಷಧಿ. ಅದು ಸಗಣಿ, ಉಚ್ಚೆಯ ಜೊತೆ ಮಣ್ಣಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳನ್ನು ಬದಲಿಸುತ್ತದೆ. ಸ್ಪಿತಿ ಚಳಿ ನಾಡು, ಅಲ್ಲಿನ ಅಂಕಿಯನ್ನು ತಂದು ಸಾಸವಡ ಇರುವ ಪುರಂದರ ತಾಲ್ಲೂಕಿನ ಗುಡ್ಡಕ್ಕೆ ಅಂಟಿಸಲು ಆಗುವುದಿಲ್ಲ. ಆದರೆ ಕುರಿಗೆ ಹಾಕುವ ಔಷಧಿ ಮಣ್ಣಿಗೂ ಬೀಳುತ್ತದೆ ಅನ್ನುವುದು ಎಲ್ಲ ಕಡೆಯೂ ನಿಜ. ಜಂತಿನ ಔಷಧಿ ಐವರ್ಮೆಕ್ಟಿನ್ ಸಗಣಿ ಹುಳಗಳನ್ನು ಕೊಲ್ಲುತ್ತದೆ. ಸಗಣಿಯನ್ನು ಉಂಡೆ ಕಟ್ಟಿ ನೆಲದೊಳಗೆ ಒಯ್ಯುವ ಹುಳ ಸತ್ತರೆ ಸಗಣಿ ಮೇಲೆಯೇ ಒಣಗಿ ಬಿದ್ದಿರುತ್ತದೆ.

ಈಗ ಕಾಕಾನ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದು ಗುಟ್ಟು ಇದೆ, ಕಾಕಾಗೆ ಅದು ಹೊಳೆದಿರಲಿಕ್ಕಿಲ್ಲ.

ಒಂದು ಒರಟು ಲೆಕ್ಕ ಹಾಕೋಣ. 30 ಕಿಲೊ ತೂಕದ ಕುರಿ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೊ ಒಣ ಮೇವು ತಿನ್ನುತ್ತದೆ. ಅದರಲ್ಲಿ ಸುಮಾರು ಅರ್ಧ ಹಿಕ್ಕೆಯಾಗಿ ಹೊರಗೆ ಬರುತ್ತದೆ. 300 ಕುರಿಗಳ ಹಿಂಡು ಅಂದರೆ ದಿನಕ್ಕೆ 150 ಕಿಲೊ ಒಣ ಹಿಕ್ಕೆ. ಅರ್ಧ ಹಗಲಲ್ಲಿ ಮೇಯುವ ಜಾಗದಲ್ಲೇ ಬಿದ್ದರೆ, ಉಳಿದ 75 ಕಿಲೊ ರಾತ್ರಿ ತರುಬಿದ ಹೊಲದಲ್ಲಿ ಬೀಳುತ್ತದೆ. ನೂರು ರಾತ್ರಿಗೆ ಏಳೂವರೆ ಟನ್. ಉಚ್ಚೆಯ ಸಾರಜನಕ ಬೇರೆ. ಕುರಿ ತಿಂದ ಸಾರಜನಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೊರಗೆ ಬಂದುಬಿಡುತ್ತದೆ, ಮೈಯಲ್ಲಿ ಉಳಿಯುವುದು ಅತಿ ಕಡಿಮೆ.

ಕುರಿ ಹುಲ್ಲು ತಿಂದದ್ದು ಗುಡ್ಡದಲ್ಲಿ. ಹಿಕ್ಕೆ ಹಾಕಿದ್ದು ಹೊಲದಲ್ಲಿ. ಹೊಲದ ಯಜಮಾನ ಕುರಿಗಾಹಿಗೆ ಕಾಳು ಅಥವಾ ರೊಕ್ಕ ಕೊಟ್ಟ. ಗುಡ್ಡಕ್ಕೆ ಯಾರೂ ಏನೂ ಕೊಡಲಿಲ್ಲ. ದಿನ ದಿನ ಗುಡ್ಡದ ಕಸುವು ನಾಲ್ಕು ಕಾಲಿನ ಮೇಲೆ ನಡೆದು ಹೊಲಕ್ಕೆ ಹೋಗುತ್ತಿದೆ. ಕಾಕಾನ ಹೊಲ ಹಸನಾದದ್ದೂ ನಮ್ಮ ಗುಡ್ಡ ಬಡವಾದದ್ದೂ ಒಂದೇ ವ್ಯವಹಾರದ ಎರಡು ಕಡೆಗಳು. ಮೇಯಿಸುವುದರಿಂದ ಮಣ್ಣಿನ ಇಂಗಾಲ ಏರಿತೋ ಇಳಿಯಿತೋ ಎಂದು ಕೇಳುವವರು ರಾತ್ರಿ ಹಿಂಡು ಎಲ್ಲಿ ಮಲಗಿತ್ತು ಎಂದು ಕೇಳುವುದೇ ಇಲ್ಲ. ಬೇಲಿಯೊಳಗೆ ಹಗಲು ರಾತ್ರಿ ಇರುವ ಆಸ್ಟ್ರೇಲಿಯದ ಕುರಿಗೆ ಈ ಪ್ರಶ್ನೆ ಅಷ್ಟು ದೊಡ್ಡದಲ್ಲ. ನಡೆಯುವ ದಖ್ಖನಿ ಕುರಿಗೆ ಇದೇ ಮುಖ್ಯ ಪ್ರಶ್ನೆ.

ಹಾಗಂತ ತರುಬುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಕೊಂಕಣದ ಭತ್ತದ ಗದ್ದೆಗೂ, ವಿಜಯಪುರದ ಎರೆ ಹೊಲಕ್ಕೂ ಈ ಗೊಬ್ಬರ ಬೇಕು. ಗುಡ್ಡ ತನ್ನ ಕಸುವು ಹೋದದ್ದನ್ನು ಬೇರಿನಿಂದಲೇ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಬಿಡುವು. ಹಳೆಯ ಪದ್ಧತಿಯಲ್ಲಿ ಬಿಡುವು ತಾನಾಗಿ ಸಿಗುತ್ತಿತ್ತು, ಯಾಕೆಂದರೆ ಹಿಂಡು ಒಂದು ಕಡೆ ನಿಲ್ಲುತ್ತಿರಲಿಲ್ಲ. ದೀಪಾವಳಿ ಆದ ಮೇಲೆ ಘಟ್ಟ ಇಳಿಯುವುದು, ಮಳೆ ಶುರುವಾಗುವಾಗ ಹತ್ತುವುದು. ದಾರಿಯಲ್ಲಿ ಒಂದೊಂದು ಊರಿನ ಗಾಯರಾಣದಲ್ಲಿ, ಅಂದರೆ ಗೋಮಾಳದಲ್ಲಿ, ಒಂದೆರಡು ದಿನ. ಒಂದು ಗುಡ್ಡ ಕುರಿಯ ಬಾಯಿ ನೋಡುತ್ತಿದ್ದದ್ದು ವರ್ಷದಲ್ಲಿ ಕೆಲವೇ ದಿನ.

ಈಗ ಆ ದಾರಿಯಲ್ಲಿ ಏನಿದೆ ನೋಡಿ. ಹಡಪ್ಸರದಿಂದ ಸಾಸವಡದ ತನಕ ಗೋಡೌನು, ಪ್ಲಾಟು, ಮಂಗಲ ಕಾರ್ಯಾಲಯ. ನಮ್ಮ ಸೊಸೈಟಿಯೂ ಅದೇ ಸಾಲಿನಲ್ಲಿದೆ, ಮುಚ್ಚಿಡುವುದೇನು. ನೀರಾ ಕಾಲುವೆ ಹೋದಲ್ಲೆಲ್ಲ ಕಬ್ಬು. ಪುರಂದರದಲ್ಲಿ ವಿಮಾನ ನಿಲ್ದಾಣಕ್ಕೆ ಜಾಗ ಬೇಕು. ಸರ್ಕಾರದ ಬಂಜರು ಭೂಮಿ ನಕಾಶೆಯಲ್ಲಿ ಇಂಥ ಹುಲ್ಲುಗಾವಲುಗಳಿಗೆ ಬಂಜರು ಎಂದೇ ಹೆಸರು. ಬಂಜರು ಅಂದಮೇಲೆ ಯಾರು ಏನು ಬೇಕಾದರೂ ಮಾಡಬಹುದು. ಸೋಲಾರ್ ಹಾಕಬಹುದು, ಗಿಡ ನೆಡಬಹುದು. ಮಹಾರಾಷ್ಟ್ರ ಸರ್ಕಾರ 2017ರಿಂದ 2019ರವರೆಗೆ 50 ಕೋಟಿ ಗಿಡ ನೆಡುವ ಗುರಿ ಹಾಕಿಕೊಂಡಿತ್ತು. ಅಷ್ಟು ಗುಂಡಿ ತೋಡಲು ಬಯಲು ಜಾಗವೇ ಬೇಕಲ್ಲ. ಗಿಡ ನೆಟ್ಟ ಮೇಲೆ ಕೆಲವು ವರ್ಷ ಅಲ್ಲಿ ಚರಾಯಿ ಬಂದಿ, ಅಂದರೆ ಮೇಯಿಸುವಂತಿಲ್ಲ.

ದಾರಿ ಮುಚ್ಚಿದರೆ ಕುರಿ ಮಾಯ ಆಗುವುದಿಲ್ಲ. ಉಳಿದ ಜಾಗದಲ್ಲಿ ಒತ್ತೊತ್ತಾಗಿ ಮೇಯುತ್ತದೆ, ವಾರಕ್ಕೊಮ್ಮೆ ಅದೇ ಗುಡ್ಡಕ್ಕೆ ಬರುತ್ತದೆ. ಕೆಲವು ಕುಟುಂಬಗಳು ಕುರಿ ಬಿಟ್ಟು ಆಡು ಸಾಕುತ್ತವೆ, ಯಾಕೆಂದರೆ ಆಡು ಮುಟ್ಟದ ಸೊಪ್ಪಿಲ್ಲ, ರಸ್ತೆ ಬದಿಯಲ್ಲೂ ಅದರ ಹೊಟ್ಟೆ ತುಂಬುತ್ತದೆ. ಆಮೇಲೆ ನಾವು ಬಾಲ್ಕನಿಯಲ್ಲಿ ನಿಂತು ಗುಡ್ಡ ಬೋಳಾದದ್ದಕ್ಕೆ ಕುರಿಯೇ ಕಾರಣ ಎಂದು ಸಂದೇಶ ಹಾಕುತ್ತೇವೆ. ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಗುಡ್ಡ ತಿಂದದ್ದು ಕುರಿಯೇ. ಆದರೆ ಅದು ಅಲ್ಲೇ ತಿರುಗುವಂತೆ ಮಾಡಿದ್ದು ಬೇರೆ.

ಗಿಡ ನೆಡುವವರ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಲೆಕ್ಕ ನ್ಯಾಯದ್ದಾಗುವುದಿಲ್ಲ. ಒಣ ಹುಲ್ಲುಗಾವಲಿಗೆ ಮರಗಿಡ ನುಗ್ಗಿದಾಗ ಮಣ್ಣಿನ ಇಂಗಾಲ ಏರಿದ ಉದಾಹರಣೆಗಳು ಇವೆ. ಮಳೆ ಜಾಸ್ತಿ ಇರುವ ಕಡೆ ಇಳಿದದ್ದೂ ಇದೆ. 2002ರಲ್ಲಿ ಅಮೆರಿಕದ ಬಯಲುಗಳಲ್ಲಿ ಇದನ್ನು ಅಳೆದು ತೋರಿಸಿದ್ದರು. ಬರೀ ಇಂಗಾಲವೇ ದೇವರು ಅನ್ನುವುದಾದರೆ ಬಾರಾಮತಿಯ ಬಯಲಿಗೆ ಜಾಲಿ ತುಂಬಿಸಿಬಿಡಬಹುದು. ಆಗ ಚಿಂಕಾರ ಇರುವುದಿಲ್ಲ, ತೋಳ ಇರುವುದಿಲ್ಲ, ಕುರಿಗಾಹಿಯೂ ಇರುವುದಿಲ್ಲ. ನಮ್ಮ ಪುಣೆಯ ಟೆಕಡಿಗಳ, ಅಂದರೆ ಗುಡ್ಡಗಳ ಮೇಲೆ ಗ್ಲಿರಿಸಿಡಿಯಾ ಮರ ನೆಟ್ಟದ್ದು ನೋಡಿ. ದೂರದಿಂದ ಹಸಿರು, ಒಳಗೆ ಹೋದರೆ ಅದರ ನೆರಳಿನಲ್ಲಿ ಹುಲ್ಲಿಗೆ ಬಿಸಿಲಿಲ್ಲ.

ಇನ್ನು ಆ ಇನ್ನೊಂದು ತುದಿಯ ಮಾತು, ಸರಿಯಾಗಿ ಮೇಯಿಸಿದರೆ ಹವಾಮಾನವೇ ಸರಿಹೋಗುತ್ತದೆ ಅನ್ನುವುದು. ಅದಕ್ಕೂ ಒಂದು ಲೆಕ್ಕ ಸಾಕು. ಗುಡ್ಡದ ಮೇಲೆ ಅರ್ಧ ಅಡಿ ಮಣ್ಣು ಸಿಕ್ಕರೆ ದೊಡ್ಡದು. ಒಂದು ಎಕರೆಯಲ್ಲಿ ಅಷ್ಟು ಮಣ್ಣು ಸುಮಾರು 800 ಟನ್ ತೂಗುತ್ತದೆ. ಅದರ ಇಂಗಾಲ ಶೇಕಡ 0.4ರಿಂದ 0.5ಕ್ಕೆ ಏರಿತು ಅಂದುಕೊಳ್ಳಿ. ಎಕರೆಗೆ 0.8 ಟನ್ ಇಂಗಾಲ, ಅಂದರೆ ಗಾಳಿಯಿಂದ ಸುಮಾರು 2.9 ಟನ್ ಇಂಗಾಲದ ಡೈಆಕ್ಸೈಡ್ ಇಳಿಸಿದ ಹಾಗೆ. ಇಷ್ಟಕ್ಕೆ ಹಲವು ವರ್ಷ ಬೇಕು. ಒಂದು ಕುರಿ ವರ್ಷಕ್ಕೆ ಸುಮಾರು 5 ಕಿಲೊ ಮೀಥೇನ್ ತೇಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಸುಮಾರು 140 ಕಿಲೊ ಇಂಗಾಲದ ಡೈಆಕ್ಸೈಡಿಗೆ ಸಮ. ಇಪ್ಪತ್ತು ಕುರಿಗಳ ಒಂದು ವರ್ಷದ ತೇಗು, ಒಂದು ಎಕರೆ ಗುಡ್ಡ ಹಲವು ವರ್ಷ ಕೂಡಿಟ್ಟದ್ದನ್ನು ಸರಿಗಟ್ಟುತ್ತದೆ. ಮಣ್ಣು ಒಂದು ಹಂತಕ್ಕೆ ತುಂಬಿದ ಮೇಲೆ ನಿಲ್ಲುತ್ತದೆ, ತೇಗು ನಿಲ್ಲುವುದಿಲ್ಲ. ಆಕ್ಸ್‌ಫರ್ಡಿನ ಸಂಶೋಧಕರು 2017ರಲ್ಲಿ ಇಡೀ ಪ್ರಪಂಚದ ಲೆಕ್ಕ ಹಾಕಿದ್ದರು. ಅತಿ ಒಳ್ಳೆಯ ಪರಿಸ್ಥಿತಿಯಲ್ಲೂ ಮೇಯುವ ಪ್ರಾಣಿಗಳು ಬಿಡುವ ಅನಿಲದ ಶೇಕಡ 20ರಿಂದ 60ರಷ್ಟನ್ನು ಮಾತ್ರ ಮಣ್ಣು ಹಿಡಿಯಬಲ್ಲದು ಎಂದರು. ಹಾಗಾಗಿ ಸಾವಯವ ಅಂಶ ಬೇಕಾಗಿರುವುದು ಹವಾಮಾನದ ದೊಡ್ಡ ಮಾತಿಗಿಂತ ಹೆಚ್ಚಾಗಿ ಇಲ್ಲಿನ ಸಣ್ಣ ಕೆಲಸಕ್ಕೆ. ಮಳೆ ನೀರು ಗುಡ್ಡದಲ್ಲೇ ಇಂಗಲಿಕ್ಕೆ, ಮೇವು ಮಾರ್ಚ್ ತನಕ ಉಳಿಯಲಿಕ್ಕೆ, ಕೆಳಗಿನ ಬಾವಿಯಲ್ಲಿ ನೀರಿರಲಿಕ್ಕೆ.

ಕಾನೂನು ಈ ವಿಷಯದಲ್ಲಿ ಅಷ್ಟು ಕುರುಡೇನಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಬಂದು ಮೇಯಿಸುವ ಹಕ್ಕನ್ನು ಬಿಡಿಸಿ ಬರೆದಿದ್ದಾರೆ. ಅದು ಅರಣ್ಯ ಭೂಮಿಗೆ. ನಮ್ಮ ಹಿಂದಿನ ಗುಡ್ಡ ಗಾಯರಾಣ, ಪಂಚಾಯಿತಿಯ ಕೈಯಲ್ಲಿದೆ.

ಸೊಸೈಟಿಯ ಸಭೆಗೆ ನಾನೂ ಹೋಗಿದ್ದೆ. ಮರಾಠಿಯಲ್ಲಿ ತೊದಲುತ್ತ, ಇಡೀ ಗುಡ್ಡಕ್ಕೆ ಬೇಲಿ ಬೇಡ, ಮೂರು ಭಾಗ ಮಾಡೋಣ ಅಂದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಭಾಗ ಪೂರ್ತಿ ಬಿಡುವು, ಮರುವರ್ಷ ಇನ್ನೊಂದು. ಹಿಂಡು ಬಂದರೆ ಒಂದೆರಡು ರಾತ್ರಿ ಗುಡ್ಡದ ಮೇಲೆಯೇ ತರುಬಲಿ, ಹೊಲದವರು ಕೊಡುವಷ್ಟು ರೊಕ್ಕ ನಾವು ಕೊಡೋಣ. ಮೊದಲೇ ಮಣ್ಣು ಪರೀಕ್ಷೆ ಮಾಡಿಸಿಟ್ಟುಕೊಳ್ಳೋಣ, ಐದು ವರ್ಷ ಬಿಟ್ಟು ಮತ್ತೆ ಅದೇ ಜಾಗದ ಮಣ್ಣು ತೆಗೆಯೋಣ. ಕುರಿಗೆ ರೊಕ್ಕ ಕೊಟ್ಟು ಗೊಬ್ಬರ ಹಾಕಿಸುವ ಮಾತಿಗೆ ಕೆಲವರು ನಕ್ಕರು. ಸಾಂಗ್ಲಿಯ ಜತ್ ಕಡೆಯ ಒಬ್ಬರು, ಮನೆಯಲ್ಲಿ ಕನ್ನಡ ಮಾತಾಡುವವರು, ಹೌದು ಹೌದು ಅಂದರು. ಕೊನೆಗೆ ಬೇಲಿಯಲ್ಲಿ ಗೇಟು ಇಡಲು ಎಲ್ಲರೂ ಒಪ್ಪಿದರು. ಕೀಲಿ ಯಾರ ಹತ್ತಿರ ಇರಬೇಕು ಅನ್ನುವಲ್ಲಿಗೆ ಬಂದು ಮಾತು ನಿಂತಿದೆ. ಸೆಕ್ಯುರಿಟಿಯವನ ಹತ್ತಿರ ಇರಲಿ ಎಂದು ಕೆಲವರು. ಕುರಿಗಾಹಿಯನ್ನೂ ಮುಂದಿನ ಸಭೆಗೆ ಕರೆಯಿರಿ, ಯಾವಾಗ ಬರುತ್ತಾನೆ ಎಂದು ಅವನೇ ಹೇಳಲಿ ಎಂದು ನಾನು. ಮುಂದಿನ ಸಭೆ ಭಾನುವಾರ ಹನ್ನೊಂದಕ್ಕೆ ಇಟ್ಟಿದ್ದಾರೆ. ಆ ಹೊತ್ತಿಗೆ ಅವನು ಗುಡ್ಡದ ಮೇಲೆ ಇರುತ್ತಾನೆ.